ಮುರಿದ ಸ್ಟಡ್ ಕೊನೆಗೂ ಹೊರಗೆ ಬಂತು

ಕಾರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ ಹೊಗೆ ಹೊರಹೋಗುವ ಕೊಳವೆ) ಗ್ಯಾಸ್ಕೆಟ್ ಬದಲಾಯಿಸಲು ನಟ್ ಬಿಚ್ಚುವಾಗ, ಅದನ್ನು ಎಂಜಿನ್ ಹೆಡ್ಡಿಗೆ ಹಿಡಿದಿಡುವ ಮೂಲೆಯ 8 ಎಂಎಂ ಸ್ಟಡ್ (ತಲೆಯಿಲ್ಲದ ಬೋಲ್ಟ್) ಟಕ್ ಅಂತ ಮುರಿಯಿತು. ಹಳೇ ಕಾರು, ವರ್ಷಗಟ್ಟಲೆ ಕಾದು ತಣ್ಣಗಾಗಿ ತುಕ್ಕು ಹಿಡಿದಿತ್ತು. ಹೆಡ್ಡಿನಿಂದ ಹೊರಗೆ ಉಳಿದದ್ದು 2-3 ಎಂಎಂ ಅಷ್ಟೇ, ವೈಸ್ ಗ್ರಿಪ್ (ಲಾಕ್ ಆಗುವ ಇಕ್ಕಳ) ಕಚ್ಚಲೇ ಇಲ್ಲ.

ಈಸಿ ಔಟ್ (ಮುರಿದ ತುಂಡಿಗೆ ತೂತು ಕೊರೆದು ಒಳಗೆ ತಿರುಗಿಸಿ ಹೊರಗೆಳೆಯುವ ಸಾಧನ) ಹಾಕು ಅಂದರು ಎಲ್ಲರೂ. ನನಗೆ ಬೇಡ ಅನ್ನಿಸಿತು, ಯಾಕಂದ್ರೆ ಅದು ಗಡಸು ಉಕ್ಕು, ಅದೇನಾದ್ರೂ ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದನ್ನು ಕೊರೆಯೋದಿಲ್ಲ, ಆಮೇಲೆ ಹೆಡ್ಡನ್ನೇ ಬಿಚ್ಚಬೇಕಾಗಬಹುದು.

ಮಂಡ್ಯದಲ್ಲಿ ಒಂದು ಅನುಕೂಲ ಇದೆ. ಆಲೆಮನೆ ಗಾಣ, ಟ್ರ್ಯಾಕ್ಟರ್ ಟ್ರೈಲರ್ ಅಂತ ದಿನವಿಡೀ ತುಕ್ಕು ಕಬ್ಬಿಣದ ಜೊತೆ ಗುದ್ದಾಡುವ ವೆಲ್ಡರ್‌ಗಳಿಗೆ ಬರ ಇಲ್ಲ. ಒಬ್ಬರನ್ನು ಮನೆಗೇ ಕರೆಸಿದೆ. ಇಸಿಯುಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪೆಟ್ಟು ಬೀಳಬಾರದು ಅಂತ ಮೊದಲೇ ಬ್ಯಾಟರಿ ಬಿಚ್ಚಿಟ್ಟಿದ್ದೆ. ಅವರು ತುಂಡಿನ ಮೇಲೆ ನಟ್ ಇಟ್ಟು ಅದರ ತೂತಿನೊಳಗೇ ವೆಲ್ಡ್ ತುಂಬಿಸಿದರು. ಉಕ್ಕಿನ ವೆಲ್ಡ್ ಅಲ್ಯುಮಿನಿಯಂ ಹೆಡ್ಡಿಗೆ ಅಂಟೋದಿಲ್ಲ, ಜೊತೆಗೆ ಆ ಬಿಸಿಗೆ ತುಕ್ಕಿನ ಹಿಡಿತವೂ ಬಿಡುತ್ತೆ. ಮೊದಲ ನಟ್ ಕಿತ್ತು ಬಂತು. ಇನ್ನೊಂದು ಇಟ್ಟರು.

ಕೆಂಪು ಇಳಿದ ಮೇಲೆ ಸ್ಪ್ಯಾನರ್ ಹಾಕಿ ಕೂದಲೆಳೆಯಷ್ಟು ಸಡಿಲ, ಮತ್ತೆ ಬಿಗಿ, ಮತ್ತೆ ಸಡಿಲ, ತಣಿದಾಗ ಒಂದಿಷ್ಟು ತುಕ್ಕು ಬಿಡಿಸುವ ಎಣ್ಣೆ, ಹೀಗೇ ಆಡಿಸುತ್ತಾ ಇದ್ದಾಗ ಕಿರ್ರ್ ಅಂತ ಸದ್ದಾಗಿ ಥ್ರೆಡ್ ಸಂದಿಯಿಂದ ಕಿತ್ತಳೆ ಪುಡಿ ಉದುರಿತು. ಅಬ್ಬಾ, ಆ ಸದ್ದು ಕೇಳಬೇಕಿತ್ತು ನೀವು! ಸುಮ್ನೆ ಒಂದೇ ದಿಕ್ಕಿಗೆ ಎಳೆದಿದ್ದರೆ ಮತ್ತೆ ಮುರೀತಿತ್ತು.

ಆಮೇಲೆ ಎಂ8, 1.25 ಪಿಚ್ ಟ್ಯಾಪನ್ನು (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಕೈಯಲ್ಲೇ ಓಡಿಸಿ ಥ್ರೆಡ್ ಸ್ವಚ್ಛ ಮಾಡಿದೆ. ಹೊಸ ಸ್ಟಡ್‌ಗೆ ತಾಮ್ರದ ಆಂಟಿ ಸೀಜ್ (ಮತ್ತೆ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಸವರಿ ಕೂರಿಸಿದೆ. ಪಕ್ಕದ ಸ್ಟಡ್‌ಗಳನ್ನೂ ಬದಲಾಯಿಸಿಬಿಟ್ಟೆ.