ಮನೋವಿಜ್ಞಾನ ತರಗತಿಯ ಪ್ರಶ್ನೆಗಳು ಮತ್ತು ನಾನು ಪಾಲಿಸುವ ಕ್ರಮ

ವಿಜಯಪುರದ ಪದವಿ ಕಾಲೇಜೊಂದರಲ್ಲಿ ನಾನು ಬಿ.ಎ. ವಿದ್ಯಾರ್ಥಿಗಳಿಗೆ ಮನೋವಿಜ್ಞಾನ ಕಲಿಸುತ್ತೇನೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುವ ಬಹಳಷ್ಟು ವಿದ್ಯಾರ್ಥಿಗಳಿಗೆ ಈ ವಿಷಯದ ಪರಿಚಯ ಮೊದಲೇ ಇರುವುದಿಲ್ಲ, ಆದರೆ ಮನಸ್ಸಿನ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಮಾತ್ರ ಬೇಕಾದಷ್ಟಿರುತ್ತವೆ. ಪಠ್ಯಕ್ರಮವು 1879ರಲ್ಲಿ ಜರ್ಮನಿಯ ಮನೋವಿಜ್ಞಾನಿ ವಿಲ್‌ಹೆಲ್ಮ್ ವುಂಟ್ ಲೈಪ್‌ಜಿಗ್‌ನಲ್ಲಿ ತೆರೆದ ಪ್ರಯೋಗಾಲಯದಿಂದ ಆರಂಭವಾದರೆ, ವಿದ್ಯಾರ್ಥಿಗಳು ಆರಂಭಿಸುವುದು ಕನಸು, ದೆವ್ವ, ವಶೀಕರಣ, ಮರೆವುಗಳಿಂದ. ಅವರ ಪ್ರಶ್ನೆಯಿಂದಲೇ ಹೊರಟು ಪ್ರಯೋಗಾಲಯವನ್ನು ಮುಟ್ಟುವಂತೆ ಪಾಠ ಮಾಡಬೇಕೆಂಬುದು ನನ್ನ ಆಸೆ. ಆದ್ದರಿಂದ ತರಗತಿಯಲ್ಲೇ ಪರೀಕ್ಷಿಸಿ ನೋಡಬಹುದಾದ ಪ್ರಶ್ನೆಗೆ ನಾನು ಕೂಡಲೇ ಬಾಯಿಮಾತಿನ ಉತ್ತರ ಕೊಡುವುದಿಲ್ಲ.

ಪ್ರತಿ ವರ್ಷ ಮೊದಲ ವಾರವೇ ಯಾರಾದರೊಬ್ಬರು ಎದ್ದು ನಿಂತು, “ಮೇಡಮ್, ನನ್ನ ಮನಸಿನ್ಯಾಗ ಏನೈತಿ ಹೇಳ್ರಿ ನೋಡೋಣು?” ಎಂದು ಕೇಳುತ್ತಾರೆ. ಆಗ ನಾನು ಸ್ವಭಾವದ ಬಗೆಗಿನ ಒಂದು ಚಿಕ್ಕ ಪ್ರಶ್ನಾವಳಿಯನ್ನು ಎಲ್ಲರಿಂದ ತುಂಬಿಸಿಕೊಳ್ಳುತ್ತೇನೆ. ಮುಂದಿನ ತರಗತಿಯಲ್ಲಿ ಪ್ರತಿಯೊಬ್ಬರ ಹೆಸರು ಬರೆದು ಮಡಚಿದ ಹಾಳೆಯನ್ನು ಹಂಚಿ, ಒಳಗಿನ ವರ್ಣನೆ ತಮಗೆ ಎಷ್ಟು ಹೊಂದುತ್ತದೆ ಎಂದು ಐದಕ್ಕೆ ಅಂಕ ಕೊಡಲು ಹೇಳುತ್ತೇನೆ. “ನಿಮ್ಮನ್ನು ನೀವೇ ಹೆಚ್ಚು ಟೀಕಿಸಿಕೊಳ್ಳುತ್ತೀರಿ, ಹೊರಗೆ ಧೈರ್ಯವಾಗಿ ಕಂಡರೂ ಒಳಗೆ ಆಗಾಗ ಅಳುಕುತ್ತೀರಿ, ನಿಮ್ಮಲ್ಲಿರುವ ಶಕ್ತಿಯನ್ನು ನೀವಿನ್ನೂ ಪೂರ್ತಿ ಬಳಸಿಕೊಂಡಿಲ್ಲ” ಎಂಬಂಥ ವಾಕ್ಯಗಳು ಅದರಲ್ಲಿರುತ್ತವೆ. ನಾಲ್ಕು, ಐದು ಎಂಬ ಅಂಕಗಳೇ ಹೆಚ್ಚಾಗಿ ಬೀಳುತ್ತವೆ. ನಂತರ ಹಾಳೆಯನ್ನು ಪಕ್ಕದವರೊಂದಿಗೆ ಬದಲಿಸಿಕೊಂಡು ಓದಲು ಹೇಳಿದಾಗ, ಎಲ್ಲರಿಗೂ ಕೊಟ್ಟದ್ದು ಒಂದೇ ಬರಹವೆಂದು ಅವರಿಗೆ ತಾವಾಗಿಯೇ ತಿಳಿಯುತ್ತದೆ.

ಇದನ್ನು 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನೋವಿಜ್ಞಾನಿ ತಮ್ಮ 39 ವಿದ್ಯಾರ್ಥಿಗಳ ಮೇಲೆ ಮಾಡಿದ್ದರೆಂದೂ, ಅಲ್ಲಿ ಸರಾಸರಿ ಅಂಕ ಐದಕ್ಕೆ 4.26 ಬಂದಿತ್ತೆಂದೂ, ಅವರು ಆ ವಾಕ್ಯಗಳನ್ನು ಬಹುಮಟ್ಟಿಗೆ ಜ್ಯೋತಿಷ್ಯದ ಪುಸ್ತಕದಿಂದಲೇ ಆರಿಸಿಕೊಂಡಿದ್ದರೆಂದೂ ಆಮೇಲೆ ಹೇಳುತ್ತೇನೆ. ಪತ್ರಿಕೆಯ ರಾಶಿಫಲ, ಜಾತ್ರೆಯಲ್ಲಿ ಕೈ ನೋಡಿ ಹೇಳುವವರ ಮಾತು ಇವೆಲ್ಲ ಚರ್ಚೆಗೆ ಬರುವುದು ಆಗಲೇ. ಅದೇ ಅವಧಿಯಲ್ಲಿ ಗುಟ್ಟನ್ನು ಪೂರ್ತಿ ಬಿಚ್ಚಿಡುವುದನ್ನು ನಾನು ಕಡ್ಡಾಯ ಮಾಡಿಕೊಂಡಿದ್ದೇನೆ, ಏಕೆಂದರೆ ಪ್ರಯೋಗಕ್ಕೆಂದು ಮರೆಮಾಚಿದ್ದನ್ನು ಪ್ರಯೋಗ ಮುಗಿದೊಡನೆ ತಿಳಿಸುವುದು ನಮ್ಮ ಶಾಸ್ತ್ರದ ನೀತಿ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ, “ಹಂಗಾದ್ರ ವ್ಯಕ್ತಿತ್ವದ ಪರೀಕ್ಷೆ ಎಲ್ಲಾ ಸುಳ್ಳೇನ್ರಿ ಮೇಡಮ್?” ಎಂದು ಕೇಳಿದ. ಆ ಇಡೀ ಸೆಮಿಸ್ಟರಿನಲ್ಲಿ ನನಗೆ ಬಹಳ ಸಂತೋಷ ಕೊಟ್ಟ ಪ್ರಶ್ನೆ ಅದು. ಒಳ್ಳೆಯ ಪರೀಕ್ಷೆ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸಿ ತೋರಿಸಬೇಕು, ಸ್ವಲ್ಪ ಕಾಲದ ನಂತರ ಮತ್ತೆ ಕೊಟ್ಟರೂ ಹೆಚ್ಚುಕಡಿಮೆ ಅದೇ ಫಲಿತಾಂಶ ಬರಬೇಕು, ಅಳೆಯುತ್ತೇನೆಂದು ಹೇಳಿದ್ದನ್ನೇ ಅಳೆಯಬೇಕು ಎಂದು ವಿವರಿಸಿದೆ. ಅವನ ಪ್ರಶ್ನೆಯ ಬೆನ್ನಿಗೇ ಬಂದದ್ದರಿಂದ, ಪುಸ್ತಕದಲ್ಲಿ ಒಣಗಿದಂತೆ ಕಾಣುವ ವಿಶ್ವಸನೀಯತೆ ಮತ್ತು ಸಪ್ರಮಾಣತೆಯ ಪಾಠವನ್ನು ತರಗತಿ ಕಿವಿಗೊಟ್ಟು ಕೇಳಿತು.

ಮಿದುಳಿನ ಹತ್ತರಲ್ಲೊಂದು ಪಾಲನ್ನಷ್ಟೇ ಬಳಸುತ್ತೇವೆಯೇ ಎಂಬ ಪ್ರಶ್ನೆಗೆ ಪ್ರಯೋಗ ಬೇಕಿಲ್ಲ. ದೇಹದ ತೂಕದಲ್ಲಿ ಸುಮಾರು 2% ಇರುವ ಮಿದುಳು, ವಿಶ್ರಾಂತಿಯಲ್ಲಿ ದೇಹ ಬಳಸುವ ಶಕ್ತಿಯಲ್ಲಿ ಸುಮಾರು 20% ಬಳಸುತ್ತದೆ ಎಂಬಷ್ಟು ಹೇಳಿದರೆ, ಉಳಿದ ಒಂಬತ್ತು ಪಾಲು ಸುಮ್ಮನಿದ್ದರೆ ಇಷ್ಟು ಶಕ್ತಿ ಯಾಕೆ ಬೇಕಿತ್ತು ಎಂದು ಅವರೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಹೆಚ್ಚು ಎಚ್ಚರಿಕೆ ಬೇಡುವ ಪ್ರಶ್ನೆ ನಿದ್ದೆಯದು. “ರಾತ್ರಿ ಎಚ್ಚರ ಆಗಿರತೈತ್ರಿ, ಆದ್ರ ಕೈಕಾಲು ಅಲುಗೂದಿಲ್ಲ, ಎದಿ ಮ್ಯಾಲ ಯಾರೋ ಕುಂತಂಗ ಆಗತೈತಿ. ನಮ್ಮ ಅಜ್ಜಿ ದೆವ್ವ ಅಂತಾಳ” ಎಂದು ಹಾಸ್ಟೆಲಿನ ಹುಡುಗಿಯೊಬ್ಬಳು ಹೇಳಿದಾಗ ಕೆಲವರು ನಕ್ಕರು, ಇನ್ನು ಕೆಲವರು ತಮಗೂ ಹಾಗಾಗಿದೆ ಎಂದರು. ಅಜ್ಜಿಯನ್ನು ಹಗುರ ಮಾಡುವ ಒಂದು ಮಾತನ್ನೂ ನಾನು ಆಡುವುದಿಲ್ಲ. ಅನುಭವ ನಿಜ, ಅಂಥ ಹೊತ್ತಿನಲ್ಲಿ ಯಾರಿಗಾದರೂ ಭಯವಾಗುತ್ತದೆ ಎಂದು ಮೊದಲು ಒಪ್ಪಿಕೊಂಡು, ಅದರ ಕಾರಣಕ್ಕೆ ಬರುತ್ತೇನೆ. ಕಣ್ಣುಗುಡ್ಡೆಗಳು ರೆಪ್ಪೆಯೊಳಗೆ ವೇಗವಾಗಿ ಚಲಿಸುವ ನಿದ್ದೆಯ ಹಂತವನ್ನು 1953ರಲ್ಲಿ ಶಿಕಾಗೋದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ವರದಿ ಮಾಡಿದರು. ಎದ್ದುಕಾಣುವ ಕನಸುಗಳು ಹೆಚ್ಚಾಗಿ ಬೀಳುವುದು ಆ ಹಂತದಲ್ಲಿ. ಆಗ ಕಣ್ಣು ಮತ್ತು ಉಸಿರಾಟದ ವಪೆಯನ್ನು ಬಿಟ್ಟರೆ ದೇಹದ ಬಹುತೇಕ ಸ್ನಾಯುಗಳು ಸಡಿಲಗೊಂಡಿರುತ್ತವೆ. ಆ ಸಡಿಲಿಕೆ ಬಿಡುವ ಮೊದಲೇ ಎಚ್ಚರವಾದರೆ ಕೋಣೆ ಕಾಣುತ್ತದೆ, ಮೈ ಮಾತು ಕೇಳುವುದಿಲ್ಲ, ಕನಸಿನ ಚಿತ್ರ ಇನ್ನೂ ಕಣ್ಣ ಮುಂದಿರುತ್ತದೆ. ಇದು ಸಾಮಾನ್ಯವಾಗಿ ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ಬಿಟ್ಟುಹೋಗುತ್ತದೆ.

ಆ ಹುಡುಗಿಗೆ ನಾನು ಕೊಟ್ಟ ಕೆಲಸ ಇಷ್ಟೇ: ಮಲಗಿದ ಹೊತ್ತು, ಎದ್ದ ಹೊತ್ತು, ಅಂಗಾತ ಮಲಗಿದ್ದಳೋ ಮಗ್ಗುಲಾಗಿಯೋ, ಹಾಗಾಯಿತೋ ಇಲ್ಲವೋ ಎಂಬುದನ್ನು ದಿನವೂ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆಯಬೇಕು. ಪರೀಕ್ಷೆಗೆಂದು ರಾತ್ರಿಯಿಡೀ ಓದಿ, ಬೆಳಗಿನ ಜಾವ ಅಂಗಾತ ಬಿದ್ದುಕೊಂಡ ದಿನಗಳಲ್ಲೇ ತನಗೆ ಹೆಚ್ಚಾಗಿ ಹಾಗಾಗುತ್ತಿತ್ತೆಂದು ಅವಳೇ ಬಂದು ಹೇಳಿದಳು. ನಿದ್ದೆಗೆಡುವುದೂ ಅಂಗಾತ ಮಲಗುವುದೂ ಇದನ್ನು ಹೆಚ್ಚಿಸಬಲ್ಲವೆಂಬುದು ಮೊದಲಿನಿಂದ ತಿಳಿದ ಸಂಗತಿಯೇ ಆದರೂ, ತನ್ನ ಬರಹದಲ್ಲೇ ಅದನ್ನು ಕಂಡವಳಿಗೆ ನನ್ನ ಸಮಾಧಾನದ ಅಗತ್ಯ ಉಳಿಯಲಿಲ್ಲ. ಇದು ಪದೇಪದೇ ಆಗುತ್ತಿದ್ದು, ಹಗಲಿನಲ್ಲೂ ತಡೆಯಲಾಗದಷ್ಟು ನಿದ್ದೆ ಬರುತ್ತಿದ್ದರೆ ವೈದ್ಯರಿಗೆ ತೋರಿಸಬೇಕೆಂದು ಇಡೀ ತರಗತಿಗೆ ಹೇಳಿಯೇ ಮುಂದೆ ಹೋಗುತ್ತೇನೆ.

ಗಂಟೆ ಬಾರಿಸಿದ ಮೇಲೆ, ಬೇರೆಯವರು ಹೊರಟುಹೋಗಲೆಂದು ಕಾದು ಕೇಳುವ ಪ್ರಶ್ನೆಗಳು ಬೇರೆಯೇ ತರಹದವು. “ನನ್ನ ಗೆಳತಿಗೆ ಊಟ ಸೇರವಲ್ದು, ಯಾಕ್ ಬದುಕಿರಬೇಕು ಅಂತಾಳ್ರಿ” ಎಂಬ ಮಾತು ಬಂದಾಗ ಆ ಗೆಳತಿ ಯಾರೆಂದು ನಾನು ಕೆದಕುವುದಿಲ್ಲ. ಕೂಡ್ರಿಸಿ, ಕೇಳಿ, ಸಾಯಬೇಕೆಂಬ ಯೋಚನೆ ಇದೆಯೇ ಎಂಬುದನ್ನು ನೇರವಾಗಿಯೇ ವಿಚಾರಿಸುತ್ತೇನೆ. ಹಾಗೆ ಕೇಳುವುದರಿಂದ ಆ ಯೋಚನೆ ತಲೆಗೆ ಹೊಕ್ಕುಬಿಡುತ್ತದೆ ಎಂಬುದು ತಪ್ಪು ತಿಳಿವಳಿಕೆ. ನಾನು ಅಧ್ಯಾಪಕಿ, ಚಿಕಿತ್ಸೆ ಕೊಡುವವಳಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಿ, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಡುತ್ತೇನೆ. ಅದು ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಒಬ್ಬರೇ ಫೋನ್ ಮಾಡಲು ಅಂಜಿಕೆಯಾದರೆ ನನ್ನ ಕೋಣೆಯಿಂದಲೇ ಮಾಡಲು ಹೇಳುತ್ತೇನೆ.

“ಮನಿಯವರಿಗೆ ಹೇಳೂದಿಲ್ಲಲ್ರಿ ಮೇಡಮ್?” ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಜೀವಕ್ಕೆ ಅಪಾಯವಿದೆ ಎನಿಸಿದರೆ ಹೇಳಲೇಬೇಕಾಗುತ್ತದೆ, ಆದರೆ ಯಾರಿಗೆ ಹೇಳುವುದೆಂಬುದನ್ನು ಸಾಧ್ಯವಾದಷ್ಟೂ ನಿನ್ನನ್ನು ಕೇಳಿಯೇ ನಿರ್ಧರಿಸುತ್ತೇನೆ, ಉಳಿದ ಯಾವ ಮಾತೂ ಈ ಕೋಣೆ ದಾಟುವುದಿಲ್ಲ ಎಂದು ಉತ್ತರಿಸುತ್ತೇನೆ. ಇದನ್ನು ಅವರು ಮಾತು ಆರಂಭಿಸುವಾಗಲೇ ತಿಳಿಸಿರುತ್ತೇನೆ. ಆದರೂ ಅವರು ಎರಡನೆಯ ಸಲ ಕೇಳಿದರೆ ಎರಡನೆಯ ಸಲವೂ ಅದನ್ನೇ ಹೇಳುತ್ತೇನೆ.