ತಾರಸಿಯ ಮೇಲೊಂದು ಗೆರೆ, ಟೆಲಿಸ್ಕೋಪಿಗೆ ಅದೇ ಉತ್ತರ

ಹೊಸ ಟೆಲಿಸ್ಕೋಪಿನಲ್ಲಿ ಗುರುಗ್ರಹವನ್ನು ಹುಡುಕಿ ಹಿಡಿದು, ಮನೆಯವರನ್ನು ಕೂಗಿ ಕರೆಯುವಷ್ಟರಲ್ಲಿ ಅದು ಮಾಯವಾಗಿರುತ್ತದೆ. ಭೂಮಿ ಗಂಟೆಗೆ 15 ಡಿಗ್ರಿಯಂತೆ ತಿರುಗುತ್ತಲೇ ಇರುತ್ತದೆ, ಅಲ್ವಾ? ಎರಡು ನಿಮಿಷಕ್ಕೆ ಚಂದ್ರನ ಅಗಲದಷ್ಟು ಆಕಾಶ ಸರಿದುಹೋಗುತ್ತದೆ. ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಈಕ್ವಟೋರಿಯಲ್ ಮೌಂಟ್ ಎಂಬ ಆಸರೆ ಇರುವುದೇ ಇದಕ್ಕೆ. ಅದರ ಮುಖ್ಯ ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಕೂರಿಸಿದರೆ, ಒಂದು ಸಣ್ಣ ಮೋಟಾರು ನಕ್ಷತ್ರದ ಬೆನ್ನು ಬಿಡುವುದಿಲ್ಲ. ಹೀಗೆ ಕೂರಿಸುವುದೇ ಪೋಲಾರ್ ಅಲೈನ್‌ಮೆಂಟ್.

'ಧ್ರುವ ನಕ್ಷತ್ರಕ್ಕೆ ಗುರಿ ಇಡಿ' ಎಂದು ಮೌಂಟ್ ಜೊತೆ ಬರುವ ಪುಸ್ತಕ ಹೇಳುತ್ತದೆ. ಯುರೋಪಿನಲ್ಲಿ ಅದು ಆಕಾಶದ ಅರ್ಧ ಎತ್ತರದಲ್ಲಿರುತ್ತದೆ, ಅಲ್ಲಿಯವರಿಗೆ ಸಲೀಸು. ತುಮಕೂರಿನಲ್ಲಿ ಅದು ದಿಗಂತದಿಂದ ಬರೀ 13 ಡಿಗ್ರಿ ಮೇಲೆ. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ. ಅದರ ಮೇಲೆ ಎರಡು ಬೆರಳು, ಅಷ್ಟೇ. ಪಕ್ಕದ ಮನೆಯ ನೀರಿನ ಟ್ಯಾಂಕು, ಒಂದು ತೆಂಗಿನಮರ ಸಾಕು, ಧ್ರುವ ಮರೆಯಾಗುತ್ತದೆ. ಅದಕ್ಕೇ ನನ್ನ ಸಲಹೆ: ಹಗಲಲ್ಲಿ ಒಮ್ಮೆ ತಾರಸಿಯ ಮೇಲೆ ಉತ್ತರದ ಗೆರೆ ಹಾಕಿಬಿಡಿ. ಆಮೇಲೆ ಪ್ರತಿ ರಾತ್ರಿ ಐದು ನಿಮಿಷದ ಕೆಲಸ.

ಮೊಬೈಲಿನ ದಿಕ್ಸೂಚಿ ನಂಬಿ ಗೆರೆ ಎಳೆಯಬೇಡಿ. ನಮ್ಮ ಕಡೆ ಸೂಜಿ ತೋರಿಸುವ ಉತ್ತರ ನಿಜವಾದ ಉತ್ತರಕ್ಕಿಂತ ಒಂದು ಡಿಗ್ರಿಯ ಆಸುಪಾಸು ಪಶ್ಚಿಮಕ್ಕಿದೆ. ಅದನ್ನಾದರೂ ಲೆಕ್ಕಕ್ಕೆ ಹಿಡಿಯಬಹುದು. ತಾರಸಿಯೊಳಗಿನ ಕಬ್ಬಿಣದ ಕಂಬಿ ಅದನ್ನು ಎತ್ತ ಎಳೆಯುತ್ತದೋ ಹೇಳುವವರಾರು?

ಸೂರ್ಯನನ್ನೇ ಕೇಳುವುದು ಒಳ್ಳೆಯದು. ಶಂಕು ನೆಟ್ಟು ನೆರಳಿನಿಂದ ದಿಕ್ಕು ಹಿಡಿಯುವ ಹಳೆಯ ಪದ್ಧತಿಯನ್ನೇ ಸ್ವಲ್ಪ ಬದಲಿಸಿಕೊಳ್ಳೋಣ. ತಾರಸಿಗೆ ನೀರು ಹರಿಯಲೆಂದು ವಾಟ ಕೊಟ್ಟಿರುತ್ತಾರೆ. ಆದ್ದರಿಂದ ಒಂದು ಪ್ಲೈವುಡ್ ಹಲಗೆ ಹಾಸಿ, ಅಡಿಗೆ ಚಕ್ಕೆ ಕೊಟ್ಟು, ರಸಮಟ್ಟ ಇಟ್ಟು ಸಮ ಮಾಡಿ. ಹಲಗೆಯ ದಕ್ಷಿಣದ ಅಂಚಿಗೆ ಅರ್ಧ ಮೀಟರ್ ಎತ್ತರದ ಸ್ಟೂಲ್ ಇಡಿ. ಅದರ ಮೇಲಿನಿಂದ ಉತ್ತರಕ್ಕೆ ಚಾಚುವಂತೆ ಒಂದು ರಟ್ಟು ಅಂಟಿಸಿ. ರಟ್ಟಿನಲ್ಲಿ ಕಡಲೆಕಾಳಿಗಿಂತ ಚಿಕ್ಕದೊಂದು ತೂತು ಇರಲಿ. ತೂತಿನಿಂದ ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು, ಅದು ಹಲಗೆ ಮುಟ್ಟುವ ಕಡೆ ಚುಕ್ಕಿ ಇಡಿ. ಗಾರೆ ಕೆಲಸದವರ ಗುಂಡು ಸಿಕ್ಕರೆ ಇನ್ನೂ ಚೆನ್ನ. ಆ ಚುಕ್ಕಿಯನ್ನೇ ಕೇಂದ್ರ ಮಾಡಿಕೊಂಡು 55 ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ಗುಂಡು ತೆಗೆದುಬಿಡಿ.

ರಟ್ಟಿನ ನೆರಳಿನ ನಡುವೆ ಒಂದು ದುಂಡನೆಯ ಬೆಳಕಿನ ಬೊಟ್ಟು ಬಿದ್ದಿರುತ್ತದೆ. ಕೋಲಿನ ನೆರಳಿನ ತುದಿ ಮಸುಕಾಗಿ ಕೈಕೊಡುತ್ತದೆ, ಈ ಬೊಟ್ಟು ಹಾಗಲ್ಲ. ಅದು ಬೆಳಿಗ್ಗೆ ಹೊರಗಿನಿಂದ ಬಂದು ವೃತ್ತವನ್ನು ದಾಟಿ ಒಳಗೆ ಹೋಗುತ್ತದೆ, ಮಧ್ಯಾಹ್ನ ಮತ್ತೆ ಹೊರಗೆ ಬರುತ್ತದೆ. ಡಿಸೆಂಬರ್ ಕೊನೆಯಲ್ಲಿ ತುಮಕೂರಿನಲ್ಲಾದರೆ 10.20ಕ್ಕೆ ಒಳಗೆ, 2.25ಕ್ಕೆ ಹೊರಗೆ, ಹೆಚ್ಚುಕಡಿಮೆ. ಎರಡೂ ಕಡೆ ಪೆನ್ಸಿಲಿನಲ್ಲಿ ಗುರುತು ಮಾಡಿ, ಗೆರೆ ಎಳೆದು ಸೇರಿಸಿ. ಅದು ಪೂರ್ವ-ಪಶ್ಚಿಮ. ಗುಂಡಿನ ಚುಕ್ಕಿಯಿಂದ ಈ ಗೆರೆಯ ನಟ್ಟನಡುವಿಗೆ ದಾರ ಹಿಡಿದರೆ ನಿಜವಾದ ಉತ್ತರ. ಅದೇ ದಾರವನ್ನು ಬಿಗಿಯಾಗಿ ತಾರಸಿಯುದ್ದಕ್ಕೂ ಎಳೆದು ಪೇಂಟ್ ಹೊಡೆಯಿರಿ. ಈ ಹೊತ್ತಿನಲ್ಲಿ ಟೆಲಿಸ್ಕೋಪ್ ಒಳಗೇ ಇರಲಿ; ಅದರಲ್ಲಿ ಯಾರಾದರೂ ಸೂರ್ಯನನ್ನು ನೋಡಿದರೆ ಕಣ್ಣು ಹೋಗುತ್ತದೆ.

ಈ ಕೆಲಸವನ್ನು ನವೆಂಬರಿನಿಂದ ಜನವರಿಯೊಳಗೆ ಮುಗಿಸಿ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೇ ವಾರದಲ್ಲಿ ನಮಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ನೆರಳೇ ಇರುವುದಿಲ್ಲ. ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಗೊತ್ತಿಲ್ಲದೆ ಗೆರೆ ಹಾಕಿದರೆ ಟೆಲಿಸ್ಕೋಪ್ ತಿರುಗುಮುರುಗು!

ಸಂಜೆಯ ಕೆಲಸ ಸುಲಭ. ಮೌಂಟಿನ ಅಕ್ಷ ಗೆರೆಯ ನೇರಕ್ಕೆ ಬರುವಂತೆ ಟ್ರೈಪಾಡ್ ಇಟ್ಟು, ರಸಮಟ್ಟದಲ್ಲಿ ಸಮ ಮಾಡಿ. ಅಕ್ಷದ ಉದ್ದಕ್ಕೆ ಮೊಬೈಲ್ ಒರಗಿಸಿ, ಓರೆ ಅಳೆಯುವ ಆ್ಯಪ್‌ನಲ್ಲಿ ನಿಮ್ಮೂರಿನ ಅಕ್ಷಾಂಶ ಬರುವ ತನಕ ಏರಿಸಿ ಇಳಿಸಿ. ತುಮಕೂರಿಗೆ 13.3, ಕೋಲಾರಕ್ಕೆ 13.1, ಚಿಕ್ಕಬಳ್ಳಾಪುರಕ್ಕೆ 13.4, ಪಾವಗಡಕ್ಕೆ 14.1. ಇಲ್ಲಿ ಮೊಬೈಲನ್ನು ನಂಬಬಹುದು, ಅದು ನೋಡುವುದು ಗುರುತ್ವವನ್ನು, ಕಬ್ಬಿಣವನ್ನಲ್ಲ. ಕೆಲವು ಮೌಂಟುಗಳು ಇಷ್ಟು ಕೆಳಗೆ ಬಗ್ಗುವುದಿಲ್ಲ. ಆಗ ಉತ್ತರದ ಕಾಲನ್ನು ಗಿಡ್ಡ ಮಾಡಿ, ಮೊಬೈಲ್ ಹೇಳಿದಂತೆ ಹೊಂದಿಸಿ. ಟೆಲಿಸ್ಕೋಪಿನ ತೂಕ ಸರಿದೂಗಿಸುವ ಪ್ರತಿಭಾರದ ಕಂಬಿ ಟ್ರೈಪಾಡಿನ ಕಾಲಿಗೆ ಬಡಿದರೆ, ಟ್ರೈಪಾಡ್ ತಿರುಗಿಸಿ ಅದು ಎರಡು ಕಾಲುಗಳ ನಡುವೆ ಬರುವಂತೆ ಮಾಡಿ. ಕೊನೆಗೆ ಮೂರೂ ಕಾಲುಗಳ ಜಾಗಕ್ಕೆ ಪೇಂಟ್ ಚುಕ್ಕಿ.

ಇದರಲ್ಲಿ ಒಂದು ಡಿಗ್ರಿ ತಪ್ಪು ಉಳಿದರೂ ಕಣ್ಣಿಂದ ನೋಡುವವರಿಗೆ ಏನೂ ತೊಂದರೆಯಿಲ್ಲ. ಗುರುಗ್ರಹ ತನ್ನ ಅಗಲದಷ್ಟು ಜಾರಲು ಸುಮಾರು ಮೂರು ನಿಮಿಷ ಬೇಕು. ಸುಮ್ನೆ ಧ್ರುವ ಧ್ರುವ ಎಂದು ಒದ್ದಾಡುವವರು ಇದನ್ನು ನೆನಪಿಡಬೇಕು: ಆ ನಕ್ಷತ್ರವೇ, ಭೂಮಿಯ ಅಕ್ಷ ಆಕಾಶದಲ್ಲಿ ಗುರಿ ಮಾಡುವ ನಿಜವಾದ ಧ್ರುವಬಿಂದುವಿನಿಂದ ಚಂದ್ರನ ಅಗಲಕ್ಕಿಂತ ಜಾಸ್ತಿ ದೂರದಲ್ಲಿದೆ.

ಉದ್ದ ಎಕ್ಸ್‌ಪೋಷರಿನ ಫೋಟೋ ತೆಗೆಯುವವರಿಗೆ ಮಾತ್ರ ಇನ್ನೊಂದು ಹೆಜ್ಜೆ. ಜನವರಿ ಕೊನೆಯಲ್ಲಿ ರಾತ್ರಿ ಒಂಬತ್ತೂವರೆಗೆ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನಡುಪಟ್ಟಿ ನೆತ್ತಿಯಿಂದ ತುಸು ದಕ್ಷಿಣಕ್ಕಿರುತ್ತದೆ. ಅದರ ಮೂರು ನಕ್ಷತ್ರಗಳಲ್ಲಿ ಮೊದಲು ಹುಟ್ಟುವ ಮಿಂಟಾಕಾವನ್ನು ಐಪೀಸಿನ (ಕಣ್ಣಿಟ್ಟು ನೋಡುವ ಮಸೂರದ) ನಡುವೆ ತಂದು, ಮೋಟಾರು ಚಾಲೂ ಮಾಡಿ ಕಾಯಿರಿ. ನಕ್ಷತ್ರ ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ವಾಲಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಐಪೀಸಿನಲ್ಲಿ ಉತ್ತರ ಯಾವುದು ಎಂದು ತಿಳಿಯದಿದ್ದರೆ ಕೊಳವೆಯನ್ನು ಒಂಚೂರು ಉತ್ತರಕ್ಕೆ ತಳ್ಳಿ; ನಕ್ಷತ್ರ ಸರಿಯುವ ಕಡೆ ದಕ್ಷಿಣ. ಎತ್ತರಕ್ಕಾದರೆ ಪೂರ್ವದಲ್ಲಿ ಏರುತ್ತಿರುವ ನಕ್ಷತ್ರ ಹಿಡಿಯಿರಿ: ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿದೆ, ಉತ್ತರಕ್ಕೆ ಜಾರಿದರೆ ಎತ್ತರವಾಗಿದೆ. ಬೋಲ್ಟ್ ಬಿಗಿ ಮಾಡುವಾಗ ಐಪೀಸಿನಲ್ಲಿ ಕಣ್ಣಿಟ್ಟಿರಿ, ಕೊನೆಯ ಸುತ್ತಿನಲ್ಲೇ ಎಲ್ಲ ಅಲುಗಾಡುವುದುಂಟು. ಸರಿಹೋದ ಮೇಲೆ ಕಾಲುಗಳ ಹಳೆಯ ಚುಕ್ಕಿ ಅಳಿಸಿ ಹೊಸದು ಇಡಿ.