ಚಳಿಗಾಲದಲ್ಲಿ ಶಾಲೆಗೆ ಹೋಗುವ ಚಿಕ್ಕ ಮಕ್ಕಳ ದಿನಚರಿಯನ್ನು ರೂಪಿಸುವ ಬಗೆ

ಆರರಿಂದ ಹತ್ತು ವರ್ಷದ ಮಕ್ಕಳನ್ನು ಚಳಿಗಾಲದ ಬೆಳಿಗ್ಗೆ ಎಬ್ಬಿಸಿ, ಸಿದ್ಧಪಡಿಸಿ, ಹೊತ್ತಿಗೆ ಸರಿಯಾಗಿ ಶಾಲೆಗೆ ಕಳುಹಿಸುವುದು ಅನೇಕ ಮನೆಗಳಲ್ಲಿ ನಿತ್ಯದ ಜಗಳವಾಗಿಬಿಡುತ್ತದೆ. ಮಕ್ಕಳು ಸೋಮಾರಿಗಳಾದರೆಂದು ದೂರುವ ಮೊದಲು ಇದರ ಕಾರಣವನ್ನು ತಿಳಿದುಕೊಳ್ಳುವುದು ಒಳ್ಳೆಯದು. ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಎಂಬ ಹಾರ್ಮೋನು ಕತ್ತಲಾದಾಗ ದೇಹದಲ್ಲಿ ಏರುತ್ತದೆ, ಕಣ್ಣಿಗೆ ಬೆಳಕು ಬಿದ್ದಾಗ ತಗ್ಗುತ್ತದೆ. ಸೂರ್ಯ ತಡವಾಗಿ ಹುಟ್ಟಿದರೂ ಶಾಲೆಯ ಗಂಟೆ ತಡವಾಗಿ ಬಾರಿಸುವುದಿಲ್ಲವಾದ್ದರಿಂದ, ಮಗುವಿನ ದೇಹ ಇನ್ನೂ ರಾತ್ರಿಯೆಂದು ತಿಳಿದಿರುವಾಗಲೇ ನಾವು ಅದನ್ನು ಎಬ್ಬಿಸುತ್ತಿರುತ್ತೇವೆ. ಆದ್ದರಿಂದ ಬೆಳಗಿನ ಗಡಿಬಿಡಿಗೆ ಪರಿಹಾರವನ್ನು ಹಿಂದಿನ ಸಂಜೆಯಲ್ಲೇ ಹುಡುಕಬೇಕು.

ಮೊದಲು ಲೆಕ್ಕ ಹಾಕಬೇಕಾದದ್ದು ನಿದ್ದೆಯ ಅವಧಿಯನ್ನು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಗಳ ನಿದ್ದೆ ಬೇಕು. ಬೆಳಿಗ್ಗೆ 6.30ಕ್ಕೆ ಏಳಬೇಕಾದ ಮಗುವಿಗೆ ಹತ್ತು ಗಂಟೆ ನಿದ್ದೆ ಸಿಗಬೇಕೆಂದರೆ ರಾತ್ರಿ 8.30ಕ್ಕೆ ಅದು ನಿದ್ದೆ ಹೋಗಿರಬೇಕು. ಅಂದರೆ ಎಂಟು ಗಂಟೆಯ ಹೊತ್ತಿಗಾಗಲೇ ಹಾಸಿಗೆ ಸೇರಿರಬೇಕು. ಮಲಗುವುದಕ್ಕೆ ಒಂದು ಗಂಟೆ ಮುಂಚೆಯೇ ಟಿವಿ, ಮೊಬೈಲುಗಳನ್ನು ಆರಿಸಿ, ಮನೆಯ ದೀಪಗಳನ್ನೂ ಮಂದಗೊಳಿಸಿ. ರಜಾದಿನಗಳಲ್ಲಿ ಮಲಗುವ, ಏಳುವ ಹೊತ್ತು ಬಹಳ ಹಿಂದೆ ಮುಂದೆ ಆಗದಂತೆ ನೋಡಿಕೊಂಡರೆ ವಾರದ ಮೊದಲ ದಿನ ಕಷ್ಟವಾಗುವುದಿಲ್ಲ.

ಮಲಗುವ ಮೊದಲು ಶಾಲೆಯ ಚೀಲವನ್ನು ತುಂಬಿಸಿ ಬಾಗಿಲ ಬಳಿ ಇಡಿ. ಮರುದಿನದ ಬಟ್ಟೆಗಳನ್ನು ಹಾಕಿಕೊಳ್ಳುವ ಅನುಕ್ರಮದಲ್ಲೇ, ಒಳಉಡುಪು ಎಲ್ಲಕ್ಕಿಂತ ಮೇಲೆ ಬರುವಂತೆ, ಜೋಡಿಸಿಡಿ. ಕಾಲುಚೀಲ, ಕೈಗವಸು, ಟೋಪಿ ಮೂರನ್ನೂ ಎಣಿಸಿ ನೋಡಿ, ಏಕೆಂದರೆ ಹೊರಡುವ ಹೊತ್ತಿನಲ್ಲಿ ಕಾಣೆಯಾಗುವುದು ಹೆಚ್ಚಾಗಿ ಇವೇ. ಈ ಕೆಲಸವನ್ನು ಮಗುವಿನ ಕೈಯಿಂದಲೇ ಮಾಡಿಸಿ, ನೀವು ಪಕ್ಕದಲ್ಲಿ ನಿಂತಿದ್ದರೆ ಸಾಕು.

ಎಬ್ಬಿಸುವಾಗ ಹೊದಿಕೆಯನ್ನು ಎಳೆದುಹಾಕುವುದು ಬಹಳ ಕ್ರೂರವಾದ ಕ್ರಮವೆಂದೇ ನನ್ನ ಅಭಿಪ್ರಾಯ. ಅದರ ಬದಲು ಏಳುವ ಹೊತ್ತಿಗೆ ಹತ್ತು ನಿಮಿಷ ಮೊದಲೇ ಕೋಣೆಯ ದೀಪ ಹಚ್ಚಿ, ಪರದೆ ಸರಿಸಿ, ಮರುದಿನಕ್ಕೆಂದು ತೆಗೆದಿಟ್ಟ ಒಳಅಂಗಿಯನ್ನು ಮಗುವಿನ ಹೊದಿಕೆಯೊಳಗೆ ತೂರಿಸಿಡಿ. ಹತ್ತು ನಿಮಿಷದಲ್ಲಿ ಬಟ್ಟೆ ಬೆಚ್ಚಗಾಗಿರುತ್ತದೆ, ಬೆಳಕಿಗೆ ಕಣ್ಣೂ ಹೊಂದಿಕೊಂಡಿರುತ್ತದೆ. ಆಮೇಲೆ ಬೆನ್ನು ಸವರಿ, ಹೆಸರು ಹಿಡಿದು ಮೆಲ್ಲಗೆ ಕರೆಯಿರಿ. ಹೊದಿಕೆಯೊಳಗೇ ಅಂಗಿ ಬದಲಿಸಲು ಬಿಟ್ಟರೆ ಹೆಚ್ಚಿನ ಮಕ್ಕಳು ತಕರಾರಿಲ್ಲದೆ ಏಳುತ್ತಾರೆ.

ಬಟ್ಟೆ ತೊಡಿಸುವ ವಿಷಯದಲ್ಲಿ ದಪ್ಪನೆಯ ಒಂದೇ ಉಡುಪಿಗಿಂತ ತೆಳುವಾದ ಎರಡು ಮೂರು ಉಡುಪುಗಳು ಮೇಲು. ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ನಿಲ್ಲುವ ಗಾಳಿಯೇ ಮೈಯ ಶಾಖವನ್ನು ಹೊರಹೋಗದಂತೆ ತಡೆಯುತ್ತದೆ. ಬಿಸಿಲೇರಿದಾಗ ಒಂದೊಂದಾಗಿ ಕಳಚಲೂಬಹುದು. ತೂಕಕ್ಕೆ ಹೋಲಿಸಿದರೆ ಚಿಕ್ಕ ಮಕ್ಕಳ ಚರ್ಮದ ವಿಸ್ತಾರ ದೊಡ್ಡವರದಕ್ಕಿಂತ ಹೆಚ್ಚು, ಆದ್ದರಿಂದ ಅವರ ಮೈ ಬೇಗ ತಣ್ಣಗಾಗುತ್ತದೆ ಎಂಬುದು ನಿಜವೇ. ಆದರೆ ಓಡಾಡುವ ಮಗು ಬೇಗ ಬೆವರುತ್ತದೆ ಎಂಬುದೂ ಅಷ್ಟೇ ನಿಜ, ಬೆವರಿನಿಂದ ಒದ್ದೆಯಾದ ಹತ್ತಿಯ ಬಟ್ಟೆ ಬೆಚ್ಚಗಿಡುವ ಗುಣವನ್ನು ಕಳೆದುಕೊಂಡು ಮೈಗಂಟಿ ಇನ್ನಷ್ಟು ಚಳಿ ತರಿಸುತ್ತದೆ. ಉಣ್ಣೆ ಸ್ವಲ್ಪ ತೇವವಾದರೂ ಬೆಚ್ಚಗಿರುತ್ತದೆ. ಮಗುವಿಗೆ ಬಟ್ಟೆ ಸಾಕೋ ಹೆಚ್ಚೋ ಎಂದು ತಿಳಿಯಲು ಅಂಗೈ ಮುಟ್ಟಿ ನೋಡಬೇಡಿ, ಏಕೆಂದರೆ ಮೈ ಬೆಚ್ಚಗಿದ್ದಾಗಲೂ ಅಂಗೈ ತಣ್ಣಗಿರಬಹುದು. ಕತ್ತಿನ ಹಿಂಭಾಗಕ್ಕೆ ಬೆರಳಿಟ್ಟು ನೋಡಿ: ಬೆವರಿದ್ದರೆ ಒಂದು ಪದರ ಕಡಿಮೆ ಮಾಡಿ, ತಣ್ಣಗಿದ್ದರೆ ಒಂದನ್ನು ಸೇರಿಸಿ.

ಸ್ವೆಟರ್ ಹಾಕಿಕೊಳ್ಳುವಾಗ ಒಳಗಿನ ಅಂಗಿಯ ತೋಳು ಮೊಣಕೈವರೆಗೆ ಸರಿದು ಉಂಡೆಗಟ್ಟುವುದರಿಂದಲೇ ಎಷ್ಟೋ ಮಕ್ಕಳು ಕಿರಿಕಿರಿಗೊಂಡು ಅಳುತ್ತಾರೆ. ಒಳತೋಳಿನ ಅಂಚನ್ನು ನಾಲ್ಕು ಬೆರಳುಗಳಿಂದ ಅಂಗೈಗೆ ಒತ್ತಿ, ಮುಷ್ಟಿ ಬಿಗಿಹಿಡಿದು ಕೈ ತೂರಿಸುವುದನ್ನು ಕಲಿಸಿದರೆ ತೋಳು ಹಿಂದೆ ಸರಿಯುವುದಿಲ್ಲ. ಜಾಕೆಟ್ಟಿನ ಜಿಪ್ಪಿಗೆ ಗಟ್ಟಿ ದಾರದ ಒಂದು ಕುಣಿಕೆಯನ್ನು ಕಟ್ಟಿಕೊಟ್ಟರೆ ಕೈಗವಸು ತೊಟ್ಟ ಬೆರಳುಗಳಿಂದಲೂ ಅದನ್ನು ಎಳೆಯಬಹುದು. ಇವನ್ನೆಲ್ಲ ಶಾಲೆಯ ದಿನ ಕಲಿಸಲು ಹೋಗದೆ, ರಜಾದಿನದ ಬಿಡುವಿನಲ್ಲಿ ಅಭ್ಯಾಸ ಮಾಡಿಸಿ. ಕಾಲುಚೀಲ ಎರಡೆರಡು ಹಾಕಿಸಿ ಅದರ ಮೇಲೆ ಬಿಗಿಯಾದ ಬೂಟು ತೊಡಿಸಿದರೆ ಬೆರಳುಗಳಿಗೆ ರಕ್ತಸಂಚಾರ ಕಡಿಮೆಯಾಗಿ ಪಾದ ಮತ್ತಷ್ಟು ತಣ್ಣಗಾಗುತ್ತದೆ. ಜಾರುಬಂಡೆ, ಉಯ್ಯಾಲೆಗಳಲ್ಲಿ ಆಡುವ ಮಕ್ಕಳಿಗೆ ಉದ್ದನೆಯ ಮಫ್ಲರ್ ಸುತ್ತುವುದು ಅಪಾಯಕರ. ಅದು ಎಲ್ಲಾದರೂ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯುತ್ತದೆ. ಕಾರಿನಲ್ಲಿ ಕರೆದೊಯ್ಯುವವರು ಉಬ್ಬಿದ ಜಾಕೆಟ್ಟನ್ನು ತೆಗೆಸಿ ಬೆಲ್ಟು ಹಾಕಬೇಕು, ಏಕೆಂದರೆ ಅಪಘಾತದ ಹೊಡೆತಕ್ಕೆ ಜಾಕೆಟ್ಟು ಅಪ್ಪಚ್ಚಿಯಾಗಿ ಬೆಲ್ಟು ಸಡಿಲವಾಗುತ್ತದೆ.

ಶಾಲೆಯಿಂದ ಬಂದ ಮಗುವನ್ನು ನೇರವಾಗಿ ಹೋಂವರ್ಕಿಗೆ ಕೂರಿಸುವ ಅಭ್ಯಾಸವನ್ನು ಚಳಿಗಾಲದಲ್ಲಿ ಬಿಡುವುದು ಲೇಸು. ಬೆಳಕು ಬೇಗ ಹೋಗುತ್ತದೆ, ಹೋಂವರ್ಕನ್ನು ದೀಪದ ಕೆಳಗೂ ಮಾಡಬಹುದು. ಐದು ವರ್ಷ ದಾಟಿದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈಬಗ್ಗಿಸಿ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೋಡ ಕವಿದ ಹಗಲಿನಲ್ಲೂ ಹೊರಗಿನ ಬೆಳಕು ಮನೆಯೊಳಗಿನ ದೀಪದ ಬೆಳಕಿಗಿಂತ ಹಲವು ಪಟ್ಟು ಹೆಚ್ಚಿರುತ್ತದೆ, ಹಗಲಿನಲ್ಲಿ ಇಂಥ ಬೆಳಕನ್ನು ಕಂಡ ದೇಹಕ್ಕೆ ರಾತ್ರಿ ಹೊತ್ತಿಗೆ ಸರಿಯಾಗಿ ನಿದ್ದೆ ಬರುವುದೂ ಸುಲಭ. ಚಳಿಯಲ್ಲಿ ಬಾಯಾರಿಕೆ ಅಷ್ಟಾಗಿ ಕಾಣದಿರುವುದರಿಂದ ಆಟ ಮುಗಿದ ಕೂಡಲೇ ನೆನಪಿಸಿ ನೀರು ಕುಡಿಸಿ.

ಸ್ನಾನಕ್ಕೆ ಉಗುರುಬೆಚ್ಚಗಿನ ನೀರೇ ಸಾಕು, ಹತ್ತು ನಿಮಿಷ ಮೀರುವುದು ಬೇಡ. ತೀರ ಬಿಸಿಯಾದ ನೀರು ಚರ್ಮದ ಎಣ್ಣೆಯಂಶವನ್ನು ತೆಗೆದುಹಾಕಿ ಒಡಕು, ತುರಿಕೆಗಳಿಗೆ ದಾರಿ ಮಾಡುತ್ತದೆ. ಮೈಯನ್ನು ಉಜ್ಜದೆ ಒತ್ತಿ ಒರೆಸಿ, ತೇವ ಆರುವ ಮೊದಲೇ ಕ್ರೀಮು ಹಚ್ಚಿ. ತುಟಿಯನ್ನು ಪದೇಪದೇ ನೆಕ್ಕುವ ಮಕ್ಕಳ ಬಾಯಿಯ ಸುತ್ತ ಕೆಂಪು ಬಳೆಯಂಥ ಗುರುತು ಮೂಡುತ್ತದೆ. ಬೈದರೆ ಈ ಅಭ್ಯಾಸ ಹೋಗುವುದಿಲ್ಲ, ಶಾಲೆಗೆ ಹೊರಡುವಾಗಲೂ ಮಲಗುವಾಗಲೂ ಪೆಟ್ರೋಲಿಯಂ ಜೆಲ್ಲಿ ಸವರಿದರೆ ತುಟಿ ಒಣಗದೆ ನೆಕ್ಕುವುದು ತಾನಾಗಿ ಕಡಿಮೆಯಾಗುತ್ತದೆ.

ಕೋಣೆ ಬೆಚ್ಚಗಿಡಲು ಹೀಟರ್ ಬಳಸುವುದಾದರೆ ಹಾಸಿಗೆ, ಪರದೆ, ಬಟ್ಟೆಗಳಿಂದ ಕನಿಷ್ಠ ಒಂದು ಮೀಟರ್ ದೂರವಿರಲಿ, ಮಲಗುವ ಮೊದಲು ಆರಿಸಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಕೆಂಡವನ್ನು ಯಾವ ಕಾರಣಕ್ಕೂ ಇಡಬೇಡಿ. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ, ಮಲಗಿದವರು ಮಲಗಿದಲ್ಲೇ ಪ್ರಾಣ ಕಳೆದುಕೊಳ್ಳುತ್ತಾರೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ ನೆಗಡಿ ಬಂದೇ ಬರುತ್ತದೆ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ಬಾರಿ ನೆಗಡಿಯಾಗುವುದು ಸಹಜ, ಅದಕ್ಕಾಗಿ ತಾಯಂದಿರು ತಮ್ಮನ್ನು ತಾವು ಹಳಿದುಕೊಳ್ಳಬೇಕಾಗಿಲ್ಲ. ನೆಗಡಿ ವೈರಸ್ಸಿನಿಂದ ಬರುತ್ತದೆ. ಚಳಿಗೆ ಎಲ್ಲರೂ ಕಿಟಕಿ ಮುಚ್ಚಿಕೊಂಡು ಒಂದೇ ಕಡೆ ಸೇರುವುದರಿಂದ ಬೇಗ ಹರಡುತ್ತದೆ. ಮನೆಗೆ ಬಂದ ಕೂಡಲೇ ಸೋಪು ಹಚ್ಚಿ 20 ಸೆಕೆಂಡು ಕೈ ಉಜ್ಜಿ ತೊಳೆಯುವುದನ್ನೂ, ಕೆಮ್ಮುವಾಗ ಮೊಣಕೈಯನ್ನು ಬಾಯಿಗೆ ಅಡ್ಡ ಹಿಡಿಯುವುದನ್ನೂ ರೂಢಿ ಮಾಡಿಸಿ. ಆಂಟಿಬಯಾಟಿಕ್ ಔಷಧಗಳು ವೈರಸ್ಸಿನ ಮೇಲೆ ಕೆಲಸ ಮಾಡುವುದಿಲ್ಲವಾದ್ದರಿಂದ ಉಳಿದಿರುವ ಹಳೆಯ ಮಾತ್ರೆ, ಸಿರಪ್ಪುಗಳನ್ನು ನೀವಾಗಿ ಕೊಡಬೇಡಿ. ಜ್ವರಕ್ಕೆಂದು ಆಸ್ಪಿರಿನ್ ಅಂತೂ ಮಕ್ಕಳಿಗೆ ಕೂಡದು. ರಾತ್ರಿಯ ಕೆಮ್ಮಿಗೆ ಮಲಗುವ ಮೊದಲು ಒಂದು ಚಮಚ ಜೇನುತುಪ್ಪ ಕೊಡಬಹುದು, ಆದರೆ ಮನೆಯಲ್ಲಿ ಒಂದು ವರ್ಷ ತುಂಬದ ಕೂಸಿದ್ದರೆ ಅದಕ್ಕೆ ಜೇನು ಮುಟ್ಟಿಸಬಾರದು. ಮಗು ವೇಗವಾಗಿ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆಲುಬಿನ ಸಂದು ಒಳಸೇದುತ್ತಿದ್ದರೆ, ನೀರನ್ನೂ ಒಲ್ಲೆನೆಂದರೆ ಅಥವಾ ಕರೆದರೂ ಸರಿಯಾಗಿ ಎಚ್ಚರಗೊಳ್ಳದಿದ್ದರೆ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ.

ಜ್ವರ ಬಂದ ಮಗುವನ್ನು, ಜ್ವರದ ಔಷಧ ಕೊಡದೆಯೂ 24 ಗಂಟೆ ಜ್ವರವಿಲ್ಲದೆ ಕಳೆದ ನಂತರವೇ ಶಾಲೆಗೆ ಕಳುಹಿಸಿ. ಅಂಥ ದಿನಗಳಲ್ಲಿ ಯಾರು ರಜೆ ಹಾಕಬೇಕು, ಎರಡನೆಯ ದಿನ ಯಾರು ಮನೆಯಲ್ಲಿರಬೇಕು, ಬಿಟ್ಟುಹೋದ ಪಾಠವನ್ನು ಯಾರಿಂದ ಕೇಳಿ ತಿಳಿಯಬೇಕು ಎಂಬುದನ್ನು ಮನೆಯ ಹಿರಿಯರೆಲ್ಲ ಚಳಿಗಾಲ ಆರಂಭವಾಗುವ ಮೊದಲೇ ಮಾತಾಡಿಕೊಂಡಿರಬೇಕು. ಬೆಳಿಗ್ಗೆ ಆರು ಗಂಟೆಗೆ ಥರ್ಮಾಮೀಟರ್ ಕೈಯಲ್ಲಿ ಹಿಡಿದುಕೊಂಡು ಆ ಚರ್ಚೆ ಶುರುಮಾಡುವುದು ಯಾರಿಗೂ ಹಿತವಲ್ಲ, ಕಾಯಿಲೆ ಬಿದ್ದ ಮಗುವಿಗಂತೂ ಅಲ್ಲವೇ ಅಲ್ಲ.